ಯಾರಿಗೆ ಮೊದಲ ಕರೆಯ

ಸಿದ್ದಾಪುರದಿಂದ ಸಿರಸಿಗೆ ಬೆಳಗಿನ ಮೊದಲ ಬಸ್ಸು ಆರೂವರೆಗೆ. ನಾನು ಐದೂ ಮುಕ್ಕಾಲಿಗೇ ಸ್ಟ್ಯಾಂಡಿಗೆ ಬಂದು ನಿಂತಿದ್ದೆ. ಡ್ರೈವರು ಬಾವಿಕಟ್ಟೆಯ ಮೇಲೆ ಕೂತು ನಿಧಾನವಾಗಿ ಹಲ್ಲುಜ್ಜುತ್ತಿದ್ದ. ನಿಂತಲ್ಲಿ ನಿಲ್ಲಲಾಗದೆ ಬಸ್ಸಿನ ಸುತ್ತ ಎರಡು ಬಾರಿ ತಿರುಗಿದೆ, ಟಯರುಗಳನ್ನು ನೋಡಿದೆ, ಕೈಚೀಲದೊಳಗಿನ ಬೆಳ್ಳಿಯ ಬಟ್ಟಲು ಓರೆಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡೆ. ಬಟ್ಟಲಲ್ಲಿ ಅಕ್ಷತೆ ಇತ್ತು. ತಂಗಿ ಶಾರದೆಯ ಮದುವೆಗೆ ಇನ್ನು ಹನ್ನೆರಡೇ ದಿನ ಉಳಿದಿತ್ತು.

ಮದುವೆಗೆ ನೆಂಟರ ಮನೆಗೆ ಸ್ವತಃ ಹೋಗಿ, ಅಕ್ಷತೆ ಕೊಟ್ಟು, ಹಿರಿಯರಾದರೆ ಕಾಲಿಗೆ ನಮಸ್ಕಾರ ಮಾಡಿ, ದಿನ ಮುಹೂರ್ತ ಹೇಳಿ ಕರೆಯುವುದಕ್ಕೆ ನಮ್ಮಲ್ಲಿ ಕರೆಯ ಎನ್ನುತ್ತಾರೆ. ಅಚ್ಚು ಹಾಕಿಸಿದ ಕಾಗದ ಎಷ್ಟೇ ಚೆಂದವಿರಲಿ, ಕರೆಯ ಬಾರದಿದ್ದರೆ ಹತ್ತಿರದ ನೆಂಟರು ಬರುವುದಿಲ್ಲ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಗಂಡ ಸತ್ತವಳು ಶುಭಕ್ಕೆ ಕರೆಯಲು ಹೋಗುವ ರೂಢಿ ಇಲ್ಲವಾದ್ದರಿಂದ ಆಯಿ, ಅಂದರೆ ನನ್ನ ತಾಯಿ, ಹೊರಡುವಂತಿರಲಿಲ್ಲ. ಸಿದ್ದಾಪುರದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದ ನನಗೆ ಬೇಸಿಗೆಯ ರಜೆ ಇತ್ತು. ವಯಸ್ಸು ಇಪ್ಪತ್ತೈದು, ಮದುವೆಯಾಗಿರಲಿಲ್ಲ. ಹಾಗಾಗಿ ಕರೆಯಕ್ಕೆ ಹೋಗಬಲ್ಲವನಾಗಿದ್ದೆ, ತಂಗಿಯನ್ನು ಧಾರೆ ಎರೆದು ಕೊಡಬಲ್ಲವನಾಗಿರಲಿಲ್ಲ. ಅದಕ್ಕೆ ದಂಪತಿಗಳೇ ಬೇಕು. ಅಪ್ಪನ ಅಣ್ಣ, ನಂದೊಳ್ಳಿಯ ದೊಡ್ಡಪ್ಪ ಮತ್ತು ದೊಡ್ಡಮ್ಮ, ಧಾರೆ ಎರೆಯುವುದೆಂದು ಗಂಡಿನ ಕಡೆಯವರಿಗೂ ಹೇಳಿಯಾಗಿತ್ತು.

ಹೊರಡುವಾಗ ಆಯಿ ಹೇಳಿದ್ದು ಒಂದೇ ಮಾತು. "ಮೊದ್ಲು ನಂದೊಳ್ಳಿ. ಅಲ್ಲಿ ಕರೆದು ಮುಗಿಸಿ, ತಿರುಗಿ ಬಪ್ಪಕ್ಕಾರೆ ಸಿರ್ಸಿ ಚಿಕ್ಕಪ್ಪನ ಮನೆ. ಹಿಂದೆ ಮುಂದೆ ಮಾಡಡ ತಮಾ. ದೊಡ್ಡಪ್ಪಂಗೆ ಅಂತದ್ದು ತಡೀತಿಲ್ಲೆ."

ತೊಂದರೆ ಏನೆಂದರೆ, ಸಿದ್ದಾಪುರದಿಂದ ನಂದೊಳ್ಳಿಗೆ ಹೋಗಲು ಸಿರಸಿಯನ್ನು ದಾಟಿಯೇ ಹೋಗಬೇಕು. ಸಿರಸಿಗೆ ಇಪ್ಪತ್ತಮೂರು ಮೈಲಿ, ಅಲ್ಲಿಂದ ಯಲ್ಲಾಪುರಕ್ಕೆ ಮೂವತ್ತರ ಮೇಲೆ, ಅಲ್ಲಿಂದ ನಂದೊಳ್ಳಿಗೆ ಮತ್ತೆ ಏಳು. ಚಿಕ್ಕಪ್ಪನ ಅಂಗಡಿಯಿದ್ದದ್ದು ಸಿರಸಿಯ ಬಸ್ ಸ್ಟ್ಯಾಂಡಿನಿಂದ ಎರಡು ನಿಮಿಷದ ದಾರಿಯಲ್ಲಿ.

ಬಸ್ಸು ಎಂಟೂಕಾಲಿಗೆ ಸಿರಸಿ ಮುಟ್ಟಿತು. ಒಂಬತ್ತಕ್ಕೆ ಯಲ್ಲಾಪುರದ ಬಸ್ಸು. ಅಷ್ಟು ಹೊತ್ತು ಯಾರ ಕಣ್ಣಿಗೂ ಬೀಳದೆ ಕಳೆದರೆ ಸಾಕು ಎಂದುಕೊಂಡು ಸ್ಟ್ಯಾಂಡಿನ ಹಿಂದಿನ ಹೋಟೆಲಿಗೆ ಹೋಗಿ ಒಳಗಿನ ಮೂಲೆಯ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಎರಡು ಬನ್ಸು, ಒಂದು ಲೋಟ ಕಷಾಯ. ನಯಾ ಪೈಸೆ ಬಂದು ವರ್ಷಗಳಾದರೂ ಹೋಟೆಲಿನ ಭಟ್ಟರು ಆಣೆಯಲ್ಲೇ ಹೇಳುತ್ತಿದ್ದರು. ಒಂಬತ್ತಾಯಿತು, ಒಂಬತ್ತೂವರೆಯಾಯಿತು, ಬಸ್ಸು ಬರಲಿಲ್ಲ. ವಿಚಾರಿಸಿದರೆ, ಅದು ಯಲ್ಲಾಪುರದ ಕಡೆಯಿಂದ ಬರುವಾಗ ದಾರಿಯಲ್ಲೇ ಕೆಟ್ಟು ನಿಂತಿದೆ, ಇನ್ನು ಹೊರಡುವುದು ಒಂದು ಗಂಟೆಯದು ಎಂದರು.

ಮತ್ತೆ ಮೂರೂವರೆ ತಾಸು. ಅದೇ ಮೂಲೆಗೆ ಮರಳಿದೆ. ಇನ್ನೊಂದು ಕಷಾಯ ಕುಡಿದೆ. ಭಟ್ಟರು ನನ್ನನ್ನು ಒಂದು ಬಗೆಯಾಗಿ ನೋಡತೊಡಗಿದಾಗ ಎದ್ದು ಹೊರಗೆ ಬಂದೆ. ತರಕಾರಿಯ ಚೀಲ ಹಿಡಿದ ಚಿಕ್ಕಮ್ಮ ಎದುರಿಗೇ ನಿಂತಿದ್ದಳು.

"ಎಂತದಾ ತಮಾ ಇದು? ಮನೆ ಇಲ್ಲೇ ಇಪ್ಪಕ್ಕಾರೆ ಹೋಟ್ಲಿಗೆ ಬೈಂದೆ?"

ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದೇನೆ, ತಿರುಗಿ ಬರುವಾಗ ಮನೆಗೆ ಬರುತ್ತೇನೆ ಎಂದೆ. ಅವಳು ಕೇಳಲಿಲ್ಲ. ಮನೆಗೆ ಹೋದ ಮೇಲೆ ಊಟ ಮಾಡದೆ ಬಿಡುವುದುಂಟೇ. ಊಟ ಮುಗಿಸಿ ಅಂಗಡಿಗೆ ಬಂದು ಚಿಕ್ಕಪ್ಪನಿಗೆ ಹೇಳಿ ಹೊರಡಬೇಕೆಂದಿದ್ದೆ. ಚಿಕ್ಕಪ್ಪನದು ಕೊಡೆ, ಸ್ಲೇಟು, ಪೆಟ್ಟಿಗೆಗಳ ಅಂಗಡಿ. ಅವನ ಕಣ್ಣು ನೇರ ನನ್ನ ಕೈಚೀಲಕ್ಕೆ ಹೋಯಿತು.

"ಕರೆಯಕ್ಕೆ ಹೊರಟಿದ್ಯ?"

ಹೌದೆಂದೆ.

"ಅಕ್ಷತೆ ಹಿಡ್ಕಂಡು ಮನೆ ಒಳಗೆ ಬಂದು, ಉಂಡು, ಕರೆಯದೆ ಹೋಗ್ತೆ ಹೇಳಿ ಆತು." ಅವನು ನಗುತ್ತಲೇ ಹೇಳಿದ. ಆದರೆ ನಗು ಕಣ್ಣಿನವರೆಗೆ ಬರಲಿಲ್ಲ. ಚಿಕ್ಕಮ್ಮ ಮನೆಯಲ್ಲಿ ಬಡಿಸುತ್ತಿದ್ದಾಗ ಏನೂ ಕೇಳದೆ ಇದ್ದದ್ದೂ ಆಗ ನನ್ನ ಮನಸ್ಸಿಗೆ ಬಂತು. ಮತ್ತೆ ಮನೆಗೆ ಹೋಗಿ, ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ, ಅಕ್ಷತೆ ಕೊಟ್ಟು ನಮಸ್ಕರಿಸಿದೆ. ಏಳುವಾಗ, "ದೊಡ್ಡಪ್ಪಂಗೆ ಇನ್ನೂ ಆಯ್ದಿಲ್ಲೆ ಚಿಕ್ಕಪ್ಪ. ಯಾರ ಹತ್ರವೂ ಹೇಳಡ," ಎಂದು ಬೇಡಿಕೊಂಡೆ.

"ಆನು ಯಾರ ಹತ್ರ ಹೇಳ್ತೆ?" ಎಂದ.

ಅವನು ಸುಳ್ಳು ಹೇಳಿದನೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಐವತ್ತೆಂಟು ವರ್ಷ ಎಲ್ಲದರಲ್ಲೂ ಅಣ್ಣನ ನಂತರದವನಾಗಿ ಬದುಕಿದವನು. ಅಂಗಡಿಗೆ ಮರಳಿದಾಗ ಅವನ ಮುಖ ಹಬ್ಬದ ದಿನದಂತಿತ್ತು. ಕೊಡೆ ಕೊಳ್ಳಲು ಬಂದಿದ್ದ ಗಿರಾಕಿಯೊಬ್ಬನಿಗೆ, ಅವನು ಕೇಳದಿದ್ದರೂ, ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸಿ, "ಅಣ್ಣನ ಮಗಳ ಮದುವೆ. ಮೊದಲ ಕರೆಯ ನಮ್ಮನೆಗೇ ಬಂತು," ಎಂದುಬಿಟ್ಟ. ನಾನು ಅಲ್ಲಿ ನಿಂತಿದ್ದೇನೆಂಬುದನ್ನೇ ಆ ಕ್ಷಣ ಮರೆತಿದ್ದ.

ಒಂದು ಗಂಟೆಯ ಬಸ್ಸು ಹತ್ತಿದರೆ ಅದೇ ಗಿರಾಕಿ ಹೊಸ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ಅವನ ಸೈಕಲ್ಲು ಬಸ್ಸಿನ ನೆತ್ತಿಯ ಮೇಲಿತ್ತು. ಹೆಸರು ಪರಮ, ಊರು ನಂದೊಳ್ಳಿ, ದೊಡ್ಡಪ್ಪನ ಮನೆಯ ಪಕ್ಕದ ಗದ್ದೆ ಅವನದೇ. ಸೋಂದಾ ಕ್ರಾಸು ದಾಟುವುದರೊಳಗೆ ಇಷ್ಟೂ ಗೊತ್ತಾಯಿತು. ಹೊರಗೆ ವೈಶಾಖದ ಬಿಸಿಲು, ಕಿಟಕಿಯಿಂದ ಕೆಂಪು ಧೂಳು. ಬೇಡ್ತಿ ಹೊಳೆ ಕಲ್ಲುಗಳ ನಡುವೆ ಸಣ್ಣದಾಗಿ ಹರಿಯುತ್ತಿತ್ತು. ಮಂಚೀಕೇರಿಯಲ್ಲಿ ಬಸ್ಸು ನಿಂತಾಗ ಪರಮನನ್ನು ಕೆಳಗಿಳಿಸಿ ವಿಷಯ ಹೇಳಿದೆ.

"ಛೆ, ನಾನೆಂತಕ್ಕೆ ಹೇಳೂದು ಒಡೆಯಾ," ಎಂದ ಅವನು. "ದೊಡ್ಡ ಹೆಗಡೇರ ಸಿಟ್ಟು ನಂಗೆ ಗೊತ್ತಿಲ್ವಾ? ಯಲ್ಲಾಪುರದಲ್ಲಿ ಇಳಿದ ಮೇಲೆ ಕ್ಯಾರಿಯರ್ ಮೇಲೆ ಕೂತ್ಕಳಿ. ದೀಪ ಹಚ್ಚುವಷ್ಟರಲ್ಲಿ ಮುಟ್ಟಿಸ್ತೆ."

ಹೋಗಬೇಕಿತ್ತು. ಆದರೆ ತಂಗಿಯ ಮದುವೆಗೆ ಕರೆಯಲು ಹೋಗುವ ಅಣ್ಣ ಬೇರೆಯವರ ಸೈಕಲ್ಲಿನ ಹಿಂದೆ ಧೂಳು ತಿಂದು ಮುಸ್ಸಂಜೆಗೆ ಹೋಗಿ ಇಳಿಯುವುದೇ ಎಂದು ಬಿಗುಮಾನ ಬಂತು. ಯಲ್ಲಾಪುರದಲ್ಲಿ ನನ್ನ ಜೊತೆ ಟ್ರೇನಿಂಗ್ ಮಾಡಿದ ಮಾಸ್ತರನೊಬ್ಬನ ಕೋಣೆಯಿತ್ತು. ಅಲ್ಲಿ ಉಳಿದೆ. ಪರಮ ಸೈಕಲ್ಲೇರಿ ತಿರುವಿನಲ್ಲಿ ಮರೆಯಾಗುವವರೆಗೂ ರಸ್ತೆಯಲ್ಲೇ ನಿಂತಿದ್ದೆ.

ಮರುದಿನ ಬೆಳಗ್ಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿಟ್ಟಿದ್ದ ಪಂಚೆ ಉಟ್ಟು, ನಡೆದೇ ಹೊರಟೆ. ಏಳು ಮೈಲಿ. ಅರ್ಧ ದಾರಿ ನಡೆಯುತ್ತಿದ್ದೆನೋ ಓಡುತ್ತಿದ್ದೆನೋ ಹೇಳಲಾರೆ. ದಾರಿಯಲ್ಲಿ ಸಿಕ್ಕ ಎತ್ತಿನ ಗಾಡಿಯವನು ಹತ್ತಿ ಎಂದ. ಹತ್ತಿದೆ. ಎತ್ತುಗಳ ನಡಿಗೆ ಸಹಿಸಲಾಗದೆ ಅರ್ಧ ಮೈಲಿಗೇ ಇಳಿದುಬಿಟ್ಟೆ.

ನಂದೊಳ್ಳಿಯ ಮನೆ ಮುಟ್ಟಿದಾಗ ಒಂಬತ್ತು ಹೊಡೆದಿತ್ತು. ದೊಡ್ಡಮ್ಮ ಬಾಗಿಲಿಗೆ ಬಂದಳು.

"ಬನ್ನಿ. ಕುತ್ಗಳಿ. ಆಸರಿಗೆ ಎಂತ ಮಾಡ್ಲಿ?"

ಆಸರಿಗೆ ಎಂದರೆ ಬಂದವರಿಗೆ ಕುಡಿಯಲು ಕೊಡುವುದು. ನಮ್ಮ ಮನೆಗಳಲ್ಲಿ ಯಾರು ಬಂದರೂ ಕೇಳುವ ಮೊದಲ ಮಾತು. ಮಾತಿನಲ್ಲಿ ಕೊರತೆಯಿರಲಿಲ್ಲ. ಆದರೆ ಹುಟ್ಟಿದಾಗಿನಿಂದ ನನ್ನನ್ನು ತಮಾ ಎಂದು, ನೀನು ಎಂದು ಕರೆದ ದೊಡ್ಡಮ್ಮ ನನಗೆ ಬಹುವಚನ ಹಚ್ಚಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬನ್ನಿ ಎಂಬ ಆ ಒಂದು ಮಾತು ನನ್ನನ್ನು ಜಗಲಿಯ ಆಚೆ ನಿಲ್ಲಿಸಿತು. ಹಿತ್ತಾಳೆಯ ತಟ್ಟೆಯಲ್ಲಿ ಬೆಲ್ಲ, ನೀರು ತಂದಿಟ್ಟು ಕಂಬದ ಬಳಿ ನಿಂತಳು, ದಾರಿಹೋಕರ ಎದುರು ನಿಲ್ಲುವ ಹಾಗೆ.

"ದೊಡ್ಡಪ್ಪ ಎಲ್ಲಿ?"

"ಮನೇಲಿ ಇಲ್ಲೆ. ಬೆಳಿಗ್ಗೆ ಬೇಗ ಮಾಗೋಡಿಗೆ ಹೋಯ್ದ."

"ಪರಮ ಎಂತಾದ್ರೂ ಹೇಳಿದ್ನ?"

"ಅಂವ ಎಂತ ಹೇಳಿದ್ನಿಲ್ಲೆ. ನಿನ್ನೆ ಸಿರ್ಸಿಲಿ ತಮ್ಮನ ಅಂಗಡಿಲಿ ನಿಂಗಳ ಕಂಡೆ ಹೇಳಿದ. ಯಾವಾಗ ಹೊರಟ್ರು, ಕೈಯಲ್ಲಿ ಚೀಲ ಇತ್ತ ಹೇಳಿ ಇವು ಕೇಳಿದ್ರು. ಮತ್ತೆ ಹೇಳದೆಂತ ಇದ್ದು." ಆಮೇಲೆ ಸೇರಿಸಿದಳು. "ಮೊದ್ಲು ಯಾರಿಗೆ ಕರೆದಿದ್ರೋ ಅವರ ಹತ್ರವೇ ಧಾರೆ ಎರೆಸಿಕೊಳ್ಳಲಿ ಹೇಳಿ ಇವರ ಮಾತು."

ಬಟ್ಟಲು ಹೊರಗೆ ತೆಗೆಯಲೂ ಕೈ ಬರಲಿಲ್ಲ. ದೊಡ್ಡಪ್ಪ ಬದುಕಿರುವಾಗ ಚಿಕ್ಕಪ್ಪ ಧಾರೆಗೆ ಕೂರಲಾರ. ಕೂತರೂ, ಮನೆಯ ಹಿರಿಯ ಯಾಕೆ ಬಂದಿಲ್ಲ ಎಂದು ಗಂಡಿನ ಕಡೆಯವರು ಕೇಳದೆ ಬಿಡುವುದಿಲ್ಲ. ಹನ್ನೊಂದು ದಿನ ಉಳಿದಿತ್ತು. ನಾನು ಎದ್ದು ನಿಂತೆ.

"ಮಾಗೋಡಿಗೆ ಹೋಗಿ ಬತ್ತೆ ದೊಡ್ಡಮ್ಮ."

"ಬಿಸಿಲು ಇದ್ದು," ಎಂದಳು. ಬೇಡ ಎನ್ನಲಿಲ್ಲ.

ಮಾಗೋಡಿನಲ್ಲಿದ್ದದ್ದು ಗಂಗತ್ತೆ. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರಿಗೂ ಅಕ್ಕ. ಹದಿನಾಲ್ಕು ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು, ಗಂಡನ ಮನೆಯವರ ಜೊತೆಗೇ ಉಳಿದವಳು. ಈಗ ಮೈದುನನ ಮಗನ ಸಂಸಾರದಲ್ಲಿದ್ದಳು. ನಾನು ಅವಳನ್ನು ನೋಡಿದ್ದು ಎರಡು ಬಾರಿ, ಎರಡೂ ಬಾರಿ ಸಾವಿನ ಮನೆಯಲ್ಲಿ. ನಿಜ ಹೇಳಬೇಕೆಂದರೆ ಕರೆಯಕ್ಕೆ ಹೋಗಬೇಕೆಂದು ಆಯಿ ಹೇಳಿಕೊಟ್ಟ ಮನೆಗಳ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಇಲ್ಲವಲ್ಲ ಎಂದು ನನಗೆ ಅನ್ನಿಸಿಯೂ ಇರಲಿಲ್ಲ. ಸಿಟ್ಟು ಬಂದಾಗಲೆಲ್ಲ ದೊಡ್ಡಪ್ಪ ಅಕ್ಕನ ಮನೆಗೆ ಹೋಗಿ ಕೂರುತ್ತಾನೆಂಬುದು ಮಾತ್ರ ನೆಂಟರಲ್ಲೆಲ್ಲ ಗೊತ್ತಿದ್ದ ವಿಷಯ.

ಮಾಗೋಡಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಜಲಪಾತದ ಬಗ್ಗೆ ಕೇಳುತ್ತಾರೆ. ನಾನು ನೋಡಲಿಲ್ಲ. ಕಾಲುದಾರಿ ಕಾಡಿನ ಅಂಚು ಹಿಡಿದಾಗ ದೂರದಲ್ಲಿ ನೀರು ಬೀಳುವ ಸದ್ದು ಕೇಳಿದಂತಾಯಿತು. ಗಾಳಿಯ ಸದ್ದೂ ಇರಬಹುದು. ನನ್ನ ತಲೆಯ ತುಂಬ ದೊಡ್ಡಪ್ಪನ ಎದುರು ಏನು ಹೇಳಬೇಕೆಂಬುದೇ ಇತ್ತು. ಬಸ್ಸು ಕೆಟ್ಟಿತು ಎನ್ನಲೇ, ಚಿಕ್ಕಮ್ಮ ಕರೆದುಕೊಂಡು ಹೋದಳು ಎನ್ನಲೇ, ತಪ್ಪಾಯಿತು ಎಂದಷ್ಟೇ ಹೇಳಲೇ. ಒಂದೊಂದನ್ನೂ ಗಟ್ಟಿಯಾಗಿ ಹೇಳಿ ನೋಡಿದೆ. ಎದುರಿಗೆ ಬಂದ ಸೌದೆ ಹೊತ್ತ ಹೆಂಗಸು ದಾರಿ ಬಿಟ್ಟು ನಿಂತಳು.

ಗಂಗತ್ತೆಯ ಮನೆಯಂಗಳದಲ್ಲಿ ಚಪ್ಪರದ ಕೆಳಗೆ ಚಾಪೆ ಹಾಸಿ ಹುಣಸೆಹಣ್ಣು ರಾಶಿ ಹಾಕಿದ್ದರು. ರಾಶಿಯ ಒಂದು ಬದಿಗೆ ಗಂಗತ್ತೆ, ಇನ್ನೊಂದು ಬದಿಗೆ ದೊಡ್ಡಪ್ಪ. ಊರ ಪಂಚಾಯ್ತಿಯಲ್ಲಿ ಅವನು ಮಾತಾಡಿದರೆ ಉಳಿದವರು ಬಾಯಿ ಮುಚ್ಚುತ್ತಿದ್ದರು. ಅಂಥವನು ಅಂಗಿ ಕಳಚಿ, ಮೊಣಕೈವರೆಗೆ ಅಂಟು ಮಾಡಿಕೊಂಡು ಬೀಜ ಬಿಡಿಸುತ್ತಿದ್ದ.

"ನಾರು ಬಿಟ್ಟಿದ್ಯಲ ನರಸಿಂಹ, ಕಣ್ಣು ಕಾಣ್ತಿಲ್ಯ?" ಎನ್ನುತ್ತಿದ್ದಳು ಗಂಗತ್ತೆ. ಅವನು ಆ ಹಣ್ಣನ್ನು ಮತ್ತೆ ಎತ್ತಿಕೊಂಡ. ನನ್ನನ್ನು ಕಂಡು ಮುಖ ತಿರುಗಿಸಿದ.

"ಯಾರದು?" ಎಂದಳು ಅತ್ತೆ.

"ಸುಬ್ರಾಯನ ಮಗ ಅತ್ತೆ. ಸಿದ್ದಾಪುರದಂವ."

"ಸುಬ್ಬನ ಮಗನ? ಬಿಸಿಲಲ್ಲಿ ಎಂತಕ್ಕೆ ನಿಂತಿದ್ದೆ, ಒಳಗೆ ಬಾ." ಒಳಗಿನವರಿಗೆ ಕೂಗಿ ಮಜ್ಜಿಗೆ ತರಿಸಿದಳು. ನಾನು ಲೋಟ ಹಿಡಿದುಕೊಂಡೇ ದೊಡ್ಡಪ್ಪನಿಗೆ, "ತಪ್ಪಾತು ದೊಡ್ಡಪ್ಪ," ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಉಳಿದ ಮಾತು ಒಂದೂ ಬರಲಿಲ್ಲ.

ಅವನು ಅಕ್ಕನಿಗೆ ಹೇಳಿದ. "ಕೇಳಿದ್ಯ ಅಕ್ಕ. ಸಿರ್ಸಿಲಿ ತಮ್ಮಂಗೆ ಕರೆದು, ಉಂಡು, ಈಗ ಇಲ್ಲಿಗೆ ಬೈಂದ. ಸುಬ್ಬ ಇದ್ದಿದ್ರೆ ಹೀಂಗೆ ಆಗ್ತಿತ್ತಿಲ್ಲೆ."

"ಸಿರ್ಸಿ ದಾರಿಲಿ ಸಿಗ್ತಲ."

"ದಾರಿ ಮಾತಲ್ಲ. ಹಿರಿಯರಿಗೆ ಮೊದ್ಲು ಹೇಳಿ ಒಂದು ಕ್ರಮ ಇದ್ದು. ಅದ್ನ ಬಿಟ್ರೆ ಮತ್ತೆಂತ ಉಳೀತು?"

"ಹಿರಿಯರು ಹೇಳಿರೆ ಯಾರು?"

"ಅಪ್ಪಯ್ಯ ಹೋದ ಮೇಲೆ ಆನೇ ಅಲ್ದ?"

ಗಂಗತ್ತೆ ಎರಡು ಮೂರು ಹಣ್ಣು ಬಿಡಿಸಿ ಬೀಜವನ್ನು ಬುಟ್ಟಿಗೆ ಹಾಕಿದಳು. ಆಮೇಲೆ, ಹವಾಮಾನ ಕೇಳಿದಷ್ಟೇ ಸಹಜವಾಗಿ, "ಯಂಗೆ ಈಗ ಎಷ್ಟಾತು ನರಸಿಂಹ?" ಎಂದು ತನ್ನ ವಯಸ್ಸು ಕೇಳಿದಳು.

"ಎಪ್ಪತ್ತೆಂಟು."

"ನಿಂಗೆ?"

"ಅರವತ್ತಾರು."

"ನಿನ್ನ ಎತ್ತಿ ಆಡಿಸಿದ್ದು ನೆನಪಿದ್ದು ಯಂಗೆ. ಆನು ಮದ್ವೆಯಾಗಿ ಇಲ್ಲಿಗೆ ಬಪ್ಪಕ್ಕಾರೆ ನೀನು ಸೆರಗು ಹಿಡ್ಕಂಡು ಬಿಟ್ಟಿದ್ದಿಲ್ಲೆ." ಮತ್ತೊಂದು ಹಣ್ಣು ಎತ್ತಿಕೊಂಡಳು. "ಈ ಮನೆಗೆ ಕರೆಯಕ್ಕೆ ಬೇಕಾದಷ್ಟು ಜನ ಬೈಂದ. ಜಗಲಿಲಿ ಗಂಡಸ್ರಿಗೆ ಅಕ್ಷತೆ ಕೊಡ್ತ, ಒಳಗೆ ಮುತ್ತೈದೇರಿಗೆ ಕುಂಕುಮ ಕೊಡ್ತ. ಆನು ಬಾಗಿಲ ಹಿಂದೆ ನಿಂತು ಕೇಳ್ತೆ. ಯಂಗೆ ಹೇಳಿ ಯಾರೂ ಬೈಂದ್ವಿಲ್ಲೆ. ನಿನ್ನ ಮಗಳ ಮದ್ವೆಗೂ ನೀನು ಬಂದು ಕರೆದು ಹೋದೆ. ಯನ್ನ ಕರೆದಿದ್ದೆ ಹೇಳಿ ನೆನಪಿಲ್ಲೆ."

ದೂರುವ ದನಿ ಇರಲಿಲ್ಲ. ಯಾವ ವರ್ಷ ಹುಣಸೆ ಎಷ್ಟು ಬಿಟ್ಟಿತ್ತು ಎಂದು ಹೇಳುವ ದನಿ. ದೊಡ್ಡಪ್ಪನ ಕೈ ರಾಶಿಯ ಮೇಲೆ ಹಾಗೆಯೇ ನಿಂತಿತು.

ಆಗ ನಾನು ಮಾಡಿದ್ದನ್ನು ಆಮೇಲೆ ಕೆಲವರು ಧೈರ್ಯ ಎಂದರು, ಕೆಲವರು ಅಧಿಕಪ್ರಸಂಗ ಎಂದರು. ಎರಡೂ ಅಲ್ಲ. ಎರಡು ದಿನದಿಂದ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ, ಯಾರು ಮೊದಲು ಯಾರು ಆಮೇಲೆ ಎಂದು ಓಡಿ ಓಡಿ ಸಾಕಾಗಿತ್ತು. ಎದುರಿಗೆ ಕೂತಿದ್ದವರಲ್ಲಿ ದೊಡ್ಡವರು ಯಾರೆಂದು ನನ್ನ ಶಾಲೆಯ ಒಂದನೇ ಇಯತ್ತೆಯ ಮಗುವೂ ಹೇಳುತ್ತಿತ್ತು. ಕೈಚೀಲದಿಂದ ಬಟ್ಟಲು ತೆಗೆದೆ. ಗಂಗತ್ತೆಯ ಮುಂದೆ ಮೊಣಕಾಲೂರಿ, "ಅತ್ತೆ, ಶಾರದೆಯ ಮದುವೆ. ಇವತ್ತಿಗೆ ಹನ್ನೊಂದನೇ ದಿನ, ಸಿದ್ದಾಪುರದಲ್ಲಿ. ನೀನು ಬರವು," ಎಂದು ಅಕ್ಷತೆ ಹಿಡಿದೆ.

ಮಜ್ಜಿಗೆಯ ಲೋಟ ಒಯ್ಯಲು ಬಂದಿದ್ದ ಆ ಮನೆಯ ಸೊಸೆ ಬಾಗಿಲಲ್ಲೇ ನಿಂತಳು. ಗಂಗತ್ತೆ ತನ್ನ ಕೈಗಳನ್ನು ನೋಡಿಕೊಂಡಳು, ಹುಣಸೆಯ ಅಂಟು ಮೆತ್ತಿತ್ತು. ಸೆರಗಿಗೆ ಒರೆಸಿಕೊಂಡು ಎರಡೂ ಕೈ ಮುಂದೆ ಚಾಚಿದಳು. ಅಕ್ಷತೆಯ ಕಾಳು ಅಂಗೈಗೆ ಅಂಟಿಕೊಂಡಿತು. ನಾನು ನಮಸ್ಕರಿಸಿ ಎದ್ದೆ.

ಅವಳು ಅಳುತ್ತಾಳೆ, ಅಥವಾ ಕರೆದೆಯಲ್ಲ, ಅಷ್ಟೇ ಸಾಕು, ನಾನು ಬರುವುದು ಬೇಡ ಎನ್ನುತ್ತಾಳೆ ಎಂದು ನಾನು ತಿಳಿದಿದ್ದೆ. ದೊಡ್ಡಪ್ಪನೂ ಹಾಗೆಯೇ ತಿಳಿದಿರಬೇಕು.

"ಯಾವ ಬಸ್ಸಿಗೆ ಬರವು?" ಎಂದಳು ಗಂಗತ್ತೆ. "ಯಂಗೆ ಬಸ್ಸಲ್ಲಿ ಹೊಟ್ಟೆ ತೊಳಸ್ತು. ಕಿಡಕಿ ಹತ್ರ ಕೂರ್ಸವು. ಮಡಿಗೆ ಅಡಚಣೆ ಆಗ್ತು, ಅದಕ್ಕೆ ಒಂದಿನ ಮುಂಚೆ ಹೊರಡಕ್ಕು."

ದೊಡ್ಡಪ್ಪ ಎದ್ದ. ಬಾವಿಯ ಬಳಿಗೆ ಹೋಗಿ ಬಹಳ ಹೊತ್ತು ಕೈ ತೊಳೆದ. ಹೊರಟೇಹೋಗುತ್ತಾನೆ ಎಂದುಕೊಂಡೆ. ಅವನು ಕಂಬದ ಮೇಲಿದ್ದ ಶಾಲು ತೆಗೆದು ಹೊದ್ದುಕೊಂಡು, ಚಾಪೆಯ ಮೇಲೆ ಅಕ್ಕನ ಪಕ್ಕದಲ್ಲಿ ಸ್ವಲ್ಪ ಹಿಂದೆ ಸರಿದು ಕೂತು, ಕೈ ಚಾಚಿದ.

"ಈಗ ಯಂಗೆ ಕೊಡು."

ಮಧ್ಯಾಹ್ನ ಅಲ್ಲೇ ಊಟ. ಇಳಿಹೊತ್ತಿಗೆ ದೊಡ್ಡಪ್ಪನೂ ನಾನೂ ನಂದೊಳ್ಳಿಗೆ ಹೊರಟೆವು. ಅವನು ಮುಂದೆ, ನಾನು ಹಿಂದೆ. ಅರ್ಧ ದಾರಿ ಕಳೆದ ಮೇಲೆ, ತಿರುಗಿ ನೋಡದೆಯೇ ಹೇಳಿದ: "ಮಗಳ ಮದ್ವೆಲಿ ಆನು ಆ ಮನೆಗೆ ಹೋದಾಗ ಅಕ್ಕ ಬಾಗಿಲ ಹಿಂದೆ ಇದ್ದಿದ್ದು ಯಂಗೆ ಗೊತ್ತಿತ್ತು. ಕರೆಯವು ಹೇಳಿ ಅನ್ಸಿತ್ತು. ಜನ ಎಂತ ಹೇಳ್ತ ಹೇಳಿ ಬಾಯಿ ಬಂದಿದ್ದಿಲ್ಲೆ."

"ಈಗಲೂ ಜನ ಹೇಳ್ತ ದೊಡ್ಡಪ್ಪ. ಗಂಡಿನ ಕಡೆಯವು ಬೇರೆ."

"ಹೇಳಲಿ. ಅದು ಯಂಗೆ ಬಿಡು," ಎಂದ. ಆದರೆ ಅವನ ನಡಿಗೆಯಲ್ಲೂ ನೆಮ್ಮದಿ ಇರಲಿಲ್ಲ.

ನಂದೊಳ್ಳಿಯಲ್ಲಿ ದೊಡ್ಡಮ್ಮ ಬಾಗಿಲಲ್ಲೇ ಇದ್ದಳು. ಗಂಡನ ಮುಖ ನೋಡಿದಳು, ಆಮೇಲೆ ನನ್ನದು. "ಕೈಕಾಲು ತೊಳೆ ತಮಾ, ದೋಸೆ ಹೊಯ್ತೆ," ಎಂದಳು. ಅವಳಿಗೂ ಅಕ್ಷತೆ ಕೊಟ್ಟು, ಆ ರಾತ್ರಿ ಅಲ್ಲೇ ಮಲಗಿದೆ.

ಮೂರನೆಯ ದಿನ ಯಲ್ಲಾಪುರದಿಂದ ಸಿರಸಿಗೆ ಹತ್ತು ಗಂಟೆಯ ಬಸ್ಸು. ಬಸ್ಸು ತುಂಬಿತ್ತು. ಬನವಾಸಿಯ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು, ಎಪ್ಪತ್ತರ ಮೇಲಿನವರು, ರುಮಾಲು ಸುತ್ತಿ ಕಂಬಿ ಹಿಡಿದು ನಿಂತಿದ್ದರು. ನಾನು ಎದ್ದು ಜಾಗ ಬಿಟ್ಟೆ.

"ಕುಂದರ್ರಿ, ಕುಂದರ್ರಿ," ಎಂದರು ಅವರು. "ಒಮ್ಮ್ಯಾರ ನಾ ಕುಂತೆ ಅಂದ್ರ ಮುಂದ ಎಲ್ಲಾರೂ ಕುಂದರ್ಸಾಕ ಹತ್ತತಾರ."

ನಾನೂ ಕೂರಲಿಲ್ಲ. ಆ ಜಾಗದಲ್ಲಿ ಕೋಳಿಬುಟ್ಟಿ ಹಿಡಿದ ಒಬ್ಬ ಬಂದು ಕೂತ. ನಾವಿಬ್ಬರೂ ನಿಂತೇ ಮಾತಾಡಿದೆವು. ಮುಖ ಯಾಕೆ ಹೀಗಾಗಿದೆ ಎಂದು ಅವರು ಕೇಳಿದ್ದಕ್ಕೆ ನಡೆದದ್ದನ್ನೆಲ್ಲ ಹೇಳಿದೆ. ಕೇಳಿ ತಲೆದೂಗಿದರು.

"ಎಲ್ಲಾ ಛಲೋ ಆತಲ್ರಿ ಮಾಸ್ತರ್ರ. ಇನ್ನ ನಿಮ್ಮವ್ವಗ ಏನ ಹೇಳ್ತೀರಿ?"

ಅದೇ ನನ್ನನ್ನೂ ಕೊರೆಯುತ್ತಿತ್ತು. ಗಂಗತ್ತೆಗೆ ಕರೆಯ ಕೊಟ್ಟೆ ಎನ್ನಬಹುದು. ಆದರೆ ಆಯಿಯೂ ಆರು ವರ್ಷದಿಂದ ಯಾವ ಶುಭಕ್ಕೂ ಹೋಗದವಳು. ಮಗಳ ಮದುವೆಯ ದಿನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿರುತ್ತೇನೆ ಎಂದು ಅವಳೇ ಹೇಳಿಬಿಟ್ಟಿದ್ದಳು. ನಾನು ಹೂಂ ಎಂದಿದ್ದೆ. ಮಾಗೋಡಿನವರೆಗೆ ನಡೆದು ಗಂಗತ್ತೆಯನ್ನು ಕರೆದವನಿಗೆ ಪಕ್ಕದ ಕೋಣೆಯವರೆಗಿನ ದಾರಿ ಕಂಡಿರಲಿಲ್ಲ.

ಸಿರಸಿಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಚಿಕ್ಕಪ್ಪನಿಗೆ ಎಲ್ಲ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಆಮೇಲೆ ಅಂಗಡಿಯಿಂದ ಒಂದು ಸಣ್ಣ ಕೊಡೆ ತೆಗೆದು, "ಅಕ್ಕಂಗೆ. ಬಿಸಿಲಲ್ಲಿ ಬಪ್ಪಕ್ಕಾರೆ ಬೇಕಾಗ್ತು," ಎಂದು ಕೊಟ್ಟ.

ಸಿದ್ದಾಪುರ ಮುಟ್ಟಿದ್ದು ಸಂಜೆ ನಾಲ್ಕಕ್ಕೆ. ಆಯಿ ಅಕ್ಕಿ ಆರಿಸುತ್ತಿದ್ದಳು. ಮೊದಲು ಸಿರಸಿಯ ತಪ್ಪು ಒಪ್ಪಿಕೊಂಡೆ. ಅವಳು ಗದರಲಿಲ್ಲ. ಮಾಗೋಡಿನ ವಿಷಯಕ್ಕೆ ಬಂದಾಗ ಅವಳ ಕೈ ಮೊರದಲ್ಲೇ ನಿಂತಿತು. ಮುಗಿದ ಮೇಲೆ, "ಕೈ ಚಾಚಿದ್ದಾ ಅತ್ತಿಗೆ? ಅದ್ನ ಇನ್ನೊಂದ್ಸಲ ಹೇಳು," ಎಂದಳು. ಹೇಳಿದೆ. ಆಮೇಲೆ ಕೇಳಿದಳು: "ಕರ್ಕಂಡು ಬಪ್ಪವು ಯಾರು?"

"ದೊಡ್ಡಪ್ಪ."

"ಮಡಿ, ಊಟ, ಬಸ್ಸಲ್ಲಿ ಹೊಟ್ಟೆ ತೊಳಸದು, ಗಂಡಸ್ರಿಗೆ ಎಂತ ಗೊತ್ತಾಗ್ತು?" ಅಕ್ಕಿಯಲ್ಲಿ ಒಂದು ಕಲ್ಲು ಹುಡುಕಿ ತೆಗೆದು ಅಂಗಳಕ್ಕೆ ಎಸೆದಳು. "ಆನು ಹೋಗ್ತೆ."

ಮದುವೆಗೆ ನಾಲ್ಕು ದಿನವಿದ್ದಾಗ ಆಯಿ ಸಿರಸಿಯ ಬಸ್ಸು ಹತ್ತಿದಳು. ಆರು ವರ್ಷದಲ್ಲಿ ಊರ ಹೊರಗೆ ಕಾಲಿಟ್ಟದ್ದು ಅದೇ ಮೊದಲು. ನಾನು ಜೊತೆಗೆ ಬರುತ್ತೇನೆಂದರೆ ಒಪ್ಪಲಿಲ್ಲ. ಸಿರಸಿಯಿಂದ ಚಿಕ್ಕಮ್ಮ ಜೊತೆಯಾಗುವುದೆಂದು ನಿಶ್ಚಯವಾಗಿತ್ತು. ಬಸ್ಸು ಹೊರಟ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಸಂಜೆಯ ಬಸ್ಸಿನಿಂದ ಮೊದಲು ದೊಡ್ಡಪ್ಪ ಗಂಟು ಹೊತ್ತು ಇಳಿದ. ಆಮೇಲೆ ಆಯಿ, ಅವಳ ಹೆಗಲು ಹಿಡಿದು ಗಂಗತ್ತೆ, ಕೊನೆಗೆ ದೊಡ್ಡಮ್ಮ. ಹೊಟ್ಟೆ ತೊಳಸಿದ್ದು ಗಂಗತ್ತೆಗಲ್ಲ, ದೊಡ್ಡಮ್ಮನಿಗಂತೆ.

ಮದುವೆಯ ದಿನ ಚಪ್ಪರದಲ್ಲಿ ಮಂಟಪದ ಎದುರು ದೊಡ್ಡಪ್ಪ ತಾನೇ ಒಂದು ಮಣೆ ಹಾಕಿ ಗಂಗತ್ತೆಯನ್ನು ಕೂರಿಸಿದ. ಗಂಡಿನ ಅಜ್ಜ ಹತ್ತಿರ ಬಂದು, "ಇವು ಯಾರು?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ನಮ್ಮನೆ ಹಿರಿಯರು," ಎಂದ ದೊಡ್ಡಪ್ಪ.

ಅಜ್ಜ ಒಂದು ಕ್ಷಣ ನಿಂತು, ಕೈ ಮುಗಿದು, ತಮ್ಮ ಜಾಗಕ್ಕೆ ಹೋದರು. ಎಲ್ಲರೂ ಹಾಗೆ ಇರಲಿಲ್ಲ, ಅದನ್ನೂ ಹೇಳಬೇಕು. ಗಂಗತ್ತೆಯ ಪಕ್ಕದ ಚಾಪೆಯಲ್ಲಿದ್ದ ಇಬ್ಬರು ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದು ದೂರ ಹೋಗಿ ಕೂತರು. ಅವಳ ಪಕ್ಕ ಚಾಪೆ ಖಾಲಿ ಉಳಿಯಿತು. ಗಂಗತ್ತೆ ಮಂಟಪವನ್ನೇ ನೋಡುತ್ತಿದ್ದಳು, ಅವರು ಎದ್ದದ್ದನ್ನು ಕಾಣದವಳಂತೆ.

ನಾನು ಅಡುಗೆಮನೆಯ ಪಕ್ಕದ ಕೋಣೆಗೆ ಹೋದೆ. "ಆಯೀ, ಅಲ್ಲಿ ಜಾಗ ಇದ್ದು," ಎಂದೆ. ಬೇರೆ ಮಾತು ತಿಳಿಯಲಿಲ್ಲ. ಅವಳು ನನ್ನನ್ನು ನೋಡಿದಳು, ಬಾಗಿಲಿನಿಂದಾಚೆ ಚಪ್ಪರವನ್ನು ನೋಡಿದಳು. ಕೈ ಒರೆಸಿಕೊಂಡು ಎದ್ದು, ಜನರ ನಡುವಿನಿಂದ ನಡೆದುಹೋಗಿ, ಆ ಖಾಲಿ ಚಾಪೆಯ ಮೇಲೆ ಗಂಗತ್ತೆಯ ಪಕ್ಕ ಕೂತಳು. ಮಗಳ ಕೈಯ ಮೇಲೆ ಧಾರೆಯ ನೀರು ಬೀಳುವುದನ್ನು ಅಲ್ಲಿಂದಲೇ ನೋಡಿದಳು.